ಪರದೇಶ ಪ್ರಯಾಣವೂ ಮೊಬೈಲಿನ ಅಂತರ್ಜಾಲವೂ

ತುಂಗಭದ್ರೆಯ ಈಚೆಯ ದಡದಲ್ಲಿರುವ ನಮಗೆ ಮೇರೆ ದಾಟುವುದೆಂದರೇನೆಂಬುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1948ಕ್ಕೆ ಮೊದಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳು ನಿಜಾಮರ ಸಂಸ್ಥಾನದೊಳಗಿದ್ದ ದಿನಗಳಲ್ಲಿ, ಹೊಳೆಯಾಚೆಯ ಹೊಸಪೇಟೆಗೆ ವ್ಯವಹಾರಕ್ಕೆಂದು ಹೋಗುವ ನಮ್ಮ ಹಿರಿಯರು ಹಾಲಿ ಸಿಕ್ಕದ ರೂಪಾಯಿಯನ್ನು ಕಲದಾರಕ್ಕೆ ಬದಲಾಯಿಸಿಕೊಳ್ಳಬೇಕಾಗಿತ್ತು. ಏಳು ಹಾಲಿ ಕೊಟ್ಟರೆ ಸುಮಾರು ಆರು ಕಲದಾರ ಕೈಗೆ ಬರುತ್ತಿದ್ದವು. ನಿಜಾಮರ ಅಂಚೆಚೀಟಿಯು ಆಚೆಯ ದಡದಲ್ಲಿ ನಡೆಯುತ್ತಿರಲಿಲ್ಲ. ಮಾಲಿಗೆ ಕರೋಡಗಿರಿಯವರ ಸುಂಕ ಬೇರೆ. ಆದುದರಿಂದ ಜಾಣನಾದವನು ಹೊಳೆಯ ದಂಡೆಗೆ ಬಂದ ಮೇಲೆ ಕಲದಾರ ಹುಡುಕುತ್ತಿರಲಿಲ್ಲ. ಮನೆ ಬಿಡುವ ಮುಂಚೆಯೇ ಗಂಟಿನಲ್ಲಿ ಕಟ್ಟಿಕೊಂಡು ಹೊರಡುತ್ತಿದ್ದನು. ಆ ಮೇರೆಯು ಅಳಿದುಹೋಯಿತು. ಅದರ ಪಾಠವು ಮಾತ್ರ ಅಳಿಯತಕ್ಕದ್ದಲ್ಲ. ಏಕೆಂದರೆ ಇಂದು ನಮ್ಮ ಕಿಸೆಯಲ್ಲಿರುವ ಮೊಬೈಲಿಗೆ ಪ್ರತಿಯೊಂದು ಪರದೇಶದ ಎಲ್ಲೆಯೂ ಒಂದು ಸುಂಕದ ಕಟ್ಟೆಯೇ ಆಗಿದೆ.

ಪರದೇಶ ಪ್ರಯಾಣವು ಸಿರಿವಂತರ ವಿಲಾಸವೆಂಬ ಕಾಲವು ಕಳೆದುಹೋಗಿದೆ. ನಮ್ಮ ಊರುಗಳ ಮುಸಲ್ಮಾನ ಬಂಧುಗಳು ಹಜ್ ಮತ್ತು ಉಮ್ರಾ ಯಾತ್ರೆಗಳಿಗೆ ಹೊರಡುತ್ತಾರೆ. ತರುಣರು ದುಡಿಮೆಗಾಗಿ ಕೊಲ್ಲಿಯ ದೇಶಗಳನ್ನು ಸೇರುತ್ತಾರೆ. ಕಾಶಿಗೆ ಹೋದ ಯಾತ್ರಿಕರು ಹಾಗೆಯೇ ನೇಪಾಳಕ್ಕೆ ದಾಟಿ ಪಶುಪತಿನಾಥನ ದರ್ಶನ ಮಾಡಿಬರುತ್ತಾರೆ. ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಆರು ತಿಂಗಳು ಹೋಗಿಬರುವ ತಾಯಂದಿರೂ ಈಗ ಅಪರೂಪವಲ್ಲ. ಇವರೆಲ್ಲರೂ ಚಟ್ನಿಪುಡಿಯ ಡಬ್ಬಿಯಿಂದ ಹಿಡಿದು ಉಣ್ಣೆಯ ಶಾಲಿನವರೆಗೆ ಸಕಲವನ್ನೂ ಯೋಚಿಸಿ ಕಟ್ಟಿಕೊಳ್ಳುತ್ತಾರೆ. ಮೊಬೈಲಿನ ಮಾತು ಬಂದಾಗ ಮಾತ್ರ 'ಅಲ್ಲಿ ಹೋದ ಮೇಲೆ ನೋಡಿದರಾಯಿತು' ಎನ್ನುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಈ ಪದ್ಧತಿಯನ್ನು ಬಿಡಬೇಕೆಂಬುದೇ ನಮ್ಮ ಇಂದಿನ ಬಿನ್ನಹ.

ಇದು ಬರಿಯ ಹರಟೆಯ ಪ್ರಶ್ನೆಯಲ್ಲ. ಮದೀನೆಯ ರೌಝಾ ದರ್ಶನಕ್ಕೆ ಸೌದಿ ಸರಕಾರದ ನುಸುಕ್ ಆ್ಯಪಿನ ಮೂಲಕ ಅನುಮತಿ ಪಡೆಯಬೇಕಾಗಿದೆ. ನಮ್ಮ ಭಾರತ ಸರಕಾರವೂ 2024ರಲ್ಲಿ ಯಾತ್ರಿಕರಿಗಾಗಿ ಹಜ್ ಸುವಿಧಾ ಎಂಬ ಆ್ಯಪನ್ನು ಹೊರತಂದಿತು. ಅಂತರ್ಜಾಲವಿಲ್ಲದ ಮೊಬೈಲಿನಲ್ಲಿ ಇವೆರಡೂ ಕಣ್ಣು ಮುಚ್ಚಿದ ದೀಪಗಳೇ ಸರಿ. ಇನ್ನು ಆಪತ್ಕಾಲದ ಮಾತನ್ನು ಹೇಳುವುದೇ ಬೇಡ. 2022ರ ಫೆಬ್ರವರಿ 24ರಂದು ರಷ್ಯದ ಸೇನೆಯು ಉಕ್ರೇನಿನ ಮೇಲೆ ಏರಿಹೋದಾಗ, ಅಲ್ಲಿ ವೈದ್ಯ ವಿದ್ಯೆ ಕಲಿಯುತ್ತಿದ್ದ ಕರ್ನಾಟಕದ ನೂರಾರು ಮಕ್ಕಳಿಗೂ ಊರಿನಲ್ಲಿ ಊಟ ಬಿಟ್ಟು ಕುಳಿತಿದ್ದ ಅವರ ತಂದೆತಾಯಿಗಳಿಗೂ ನಡುವೆ ಉಳಿದಿದ್ದ ಎಳೆಯು ಮೊಬೈಲೊಂದೇ ಆಗಿತ್ತು.

ರೋಮಿಂಗ್ ಎಂಬುದರ ಮರ್ಮವನ್ನು ಮೊದಲು ತಿಳಿಯಬೇಕು. ನಮ್ಮ ಸಿಮ್ ಪರದೇಶದಲ್ಲಿ ಎಚ್ಚರಗೊಂಡಾಗ ಅಲ್ಲಿಯ ಕಂಪನಿಯು 'ಈತನು ನಿಮ್ಮ ಗಿರಾಕಿಯೆ?' ಎಂದು ನಮ್ಮ ಕಂಪನಿಯನ್ನು ಕೇಳುತ್ತದೆ. ಹೌದೆಂದಾಗ ಸೇವೆಯನ್ನು ಕೊಟ್ಟು ಲೆಕ್ಕವನ್ನು ಇಲ್ಲಿಗೆ ಕಳಿಸುತ್ತದೆ. ಆ ಲೆಕ್ಕವು ಕೊನೆಗೆ ನಮ್ಮ ತಲೆಯ ಮೇಲೆಯೇ ಬರುವುದಷ್ಟೆ. ಪ್ಯಾಕು ಹಾಕಿಸದೆ ಹೋದವನಿಗೆ ಈ ಲೆಕ್ಕವು ಎಂಬಿ ಎಂಬಿಗೂ ಬೀಳುತ್ತದೆ. 1,024 ಎಂಬಿಗೆ ಒಂದು ಜಿಬಿ ಎಂಬುದನ್ನು ನೆನೆದರೆ ಭಾರವು ತಾನೇ ಅರಿವಾಗುವುದು. ಯಜಮಾನನು ನಿದ್ದೆಹೋದಾಗಲೂ ಮೊಬೈಲು ನಿದ್ದೆಹೋಗದು: ಚಿತ್ರಗಳನ್ನು ಮೇಲೆ ಕಳಿಸುತ್ತದೆ, ವಾಟ್ಸಾಪಿಗೆ ಬಂದ ವೀಡಿಯೊಗಳನ್ನು ಕೆಳಗಿಳಿಸುತ್ತದೆ, ಆ್ಯಪುಗಳನ್ನು ಹೊಸದು ಮಾಡಿಕೊಳ್ಳುತ್ತದೆ. ಪ್ರೀಪೇಡ್ ಗಿರಾಕಿಗೆ ಇದ್ದ ಹಣ ತೀರಿದರೆ ಅಲ್ಲಿಗೆ ನಿಂತೀತು. ತಿಂಗಳ ಬಿಲ್ಲು ಕಟ್ಟುವ ಪೋಸ್ಟ್‌ಪೇಡ್ ಗಿರಾಕಿಗೆ ಊರಿಗೆ ಬಂದ ಮೇಲೆ ಪೆಟ್ಟು ಕಾದಿರುತ್ತದೆ. ವಿಮಾನದಲ್ಲಿಯೂ ಹಡಗಿನಲ್ಲಿಯೂ ಉಪಗ್ರಹದ ಮೂಲಕ ಸಿಗುವ ಸೇವೆಯು ಇನ್ನೂ ದುಬಾರಿ. ಅನೇಕ ಪ್ಯಾಕುಗಳಿಗೆ ಅದು ಸೇರಿರುವುದೇ ಇಲ್ಲ.

ಹಾಗಾದರೆ ಮಾರ್ಗವಾವುದು? ಮಾರ್ಗಗಳು ಮೂರು, ಪ್ರಯಾಣಿಕನ ಅವಧಿಯನ್ನೂ ಅಗತ್ಯವನ್ನೂ ನೋಡಿ ಒಂದನ್ನು ಆರಿಸತಕ್ಕದ್ದು.

ಒಂದೆರಡು ವಾರಗಳ ಪ್ರವಾಸಕ್ಕೂ, ಎರಡು ಮೂರು ದೇಶಗಳನ್ನು ಸುತ್ತುವವರಿಗೂ, ಹೊಸ ಸಿಮ್ಮಿನ ಗೊಡವೆ ಬೇಡವೆನ್ನುವ ವೃದ್ಧರಿಗೂ ನಮ್ಮ ಕಂಪನಿಯದೇ ರೋಮಿಂಗ್ ಪ್ಯಾಕು ಮೇಲು. ದರ ಹೆಚ್ಚಾದರೂ ನೆಮ್ಮದಿಯುಂಟು. ಆದರೆ ಮೂರು ಮಾತುಗಳನ್ನು ಕೇಳಿಯೇ ಹಣ ಕೊಡಬೇಕು: ನಾವು ಹೋಗುವ ದೇಶವು ಪಟ್ಟಿಯಲ್ಲಿ ಉಂಟೆ? ದಿನದ ಎಣಿಕೆ ಎಂದಿನಿಂದ ಆರಂಭ? ಡೇಟಾ ಮುಗಿದ ಬಳಿಕ ಸೇವೆ ನಿಲ್ಲುವುದೊ, ದರ ಏರುವುದೊ?

ಒಂದೇ ದೇಶದಲ್ಲಿ ತಿಂಗಳುಗಟ್ಟಲೆ ನಿಲ್ಲುವವರಿಗೆ ಆ ದೇಶದ ಸಿಮ್ಮೇ ಅಗ್ಗ. ಪಾಸ್‌ಪೋರ್ಟನ್ನು ತೋರಿಸಬೇಕು, ಸೌದಿ ಅರೇಬಿಯದಲ್ಲಿ ಬೆರಳಚ್ಚನ್ನೂ ಕೊಡಬೇಕು. ಬೀದಿಯಲ್ಲಿ ಯಾರೋ ಕೊಡುವ, ಇನ್ನಾರದೋ ಹೆಸರಿನ ಸಿಮ್ಮನ್ನು ಮುಟ್ಟಲೇಬಾರದು. ಅಮೆರಿಕೆಗೆ ಹೋಗುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಅಲ್ಲಿಯ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಸೇವೆಯನ್ನು ಮುಚ್ಚಿದುದರಿಂದ ಹಳೆಯ ಮೊಬೈಲುಗಳಿಂದ ಕರೆ ಹೋಗುವುದೇ ಕಷ್ಟ.

ಮೂರನೆಯದು ಇ-ಸಿಮ್. ಇದರಲ್ಲಿ ಕೈಗೆ ಸಿಗುವ ಚೀಟಿಯಿಲ್ಲ. ಊರಿನಲ್ಲಿಯೇ ಹಣ ಕೊಟ್ಟು, ಕಳಿಸಿದ ಚೌಕುಳಿ ಗುರುತನ್ನು ಮೊಬೈಲಿಗೆ ತೋರಿಸಿದರೆ ಸಾಕು. ಎಲ್ಲ ಮೊಬೈಲುಗಳಿಗೂ ಇದು ಒಗ್ಗದು. *#06# ಎಂದು ಒತ್ತಿದಾಗ ಇಐಡಿ ಎಂಬ ಸಂಖ್ಯೆ ಕಂಡರೆ ಆ ಮೊಬೈಲಿಗೆ ಇ-ಸಿಮ್ ಸೌಕರ್ಯವುಂಟೆಂದು ತಿಳಿಯಬಹುದು. ಇಂಥವುಗಳಲ್ಲಿ ಬಹಳಷ್ಟು ಡೇಟಾ ಮಾತ್ರ ಕೊಡುತ್ತವೆ, ಕರೆಯ ಸಂಖ್ಯೆಯನ್ನು ಕೊಡುವುದಿಲ್ಲ. ಅದನ್ನು ಕೂಡಿಸುವುದಕ್ಕೇ ಅಂತರ್ಜಾಲ ಬೇಕಾಗುವುದರಿಂದ ಆ ಕೆಲಸವನ್ನು ಮನೆಯಲ್ಲಿಯೇ ಮುಗಿಸತಕ್ಕದ್ದು.

ವಸತಿಗೃಹದಲ್ಲಿ ವೈ-ಫೈ ಇರುವಾಗ ಇದೆಲ್ಲ ಏತಕ್ಕೆಂದು ಕೇಳುವವರುಂಟು. ನಿಲ್ದಾಣದಿಂದ ವಸತಿಗೃಹವನ್ನು ಮುಟ್ಟುವವರೆಗಿನ ದಾರಿಯಲ್ಲಿಯೇ ಅಲ್ಲವೆ ದಾರಿ ತಪ್ಪುವ ಭಯ? ಅಲ್ಲದೆ ಸಾರ್ವಜನಿಕ ವೈ-ಫೈಯಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಸಂತೆಯ ನಡುವೆ ಹಣದ ಗಂಟು ಬಿಚ್ಚಿದಂತೆಯೇ ಸರಿ.

ಯಾವ ಮಾರ್ಗವನ್ನು ಹಿಡಿದರೂ ಒಂದನ್ನು ಮರೆಯಲಾಗದು. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದುದು. ಊರಿನ ಸಿಮ್ಮನ್ನು ತೆಗೆದು ಪೆಟ್ಟಿಗೆಯಲ್ಲಿ ಹಾಕಬಾರದು. ಬ್ಯಾಂಕಿನವರು ಕಳಿಸುವ ಒಟಿಪಿಯು ಆ ಸಂಖ್ಯೆಗೇ ಬರುತ್ತದೆ. ಅದು ಬಾರದಿದ್ದರೆ ಖಾತೆಯಲ್ಲಿ ಲಕ್ಷವಿದ್ದರೂ ಕೈ ಬರಿದು. ಆದುದರಿಂದ ಹೊರಡುವ ಮುಂಚೆ ಆ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ತೆರೆಸಿ, ರೀಚಾರ್ಜಿನ ಅವಧಿಯನ್ನು ಹಿಂತಿರುಗುವ ದಿನದಾಚೆಗೂ ಇರಿಸಿ, ಅದರ ಡೇಟಾ ರೋಮಿಂಗನ್ನು ಮಾತ್ರ ಮುಚ್ಚಿ, ಅಂತರ್ಜಾಲಕ್ಕೆ ಎರಡನೆಯ ಸಿಮ್ಮನ್ನು ಬಳಸುವುದು ಯುಕ್ತ. ಕೊಲ್ಲಿಗೆ ದುಡಿಯಲು ಹೋದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸತತವಾಗಿ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಡ್ ಸಂಖ್ಯೆಯು ರದ್ದಾಗಿ ಬೇರೊಬ್ಬರ ಕೈ ಸೇರಲು ಆಸ್ಪದವಿದೆ. ಬ್ಯಾಂಕಿನ ಖಾತೆಯು ಆ ಸಂಖ್ಯೆಗೇ ಅಂಟಿಕೊಂಡಿದ್ದರೆ ಅನರ್ಥಕ್ಕೆ ಬೇರೆ ಬಾಗಿಲು ಬೇಕೆ?

ದೇಶದೇಶಗಳ ಕಟ್ಟಳೆಯೂ ಒಂದೇ ಬಗೆಯದಲ್ಲ. ಯುರೋಪಿಯನ್ ಒಕ್ಕೂಟವು 2017ರ ಜೂನ್ 15ರಿಂದ ತನ್ನೊಳಗಿನ ರೋಮಿಂಗ್ ಹೆಚ್ಚುದರವನ್ನು ತೆಗೆದುಹಾಕಿರುವುದರಿಂದ ಫ್ರಾನ್ಸಿನಲ್ಲಿ ಕೊಂಡ ಸಿಮ್ ಇಟಲಿಯಲ್ಲಿಯೂ ನಡೆದೀತು. ಒಕ್ಕೂಟಕ್ಕೆ ಸೇರದ ಸ್ವಿಟ್ಜರ್ಲೆಂಡಿಗೂ, ಅದನ್ನು ಬಿಟ್ಟುಹೋದ ಬ್ರಿಟನ್ನಿಗೂ ಆ ಕಟ್ಟಳೆಯು ಅನ್ವಯಿಸದು. ಚೀನದ ಸಿಮ್ಮಿನಲ್ಲಿ ವಾಟ್ಸಾಪೂ ಗೂಗಲೂ ತೆರೆಯವು; ನಮ್ಮ ಸಿಮ್ಮಿನ ರೋಮಿಂಗಿನಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ, ಏಕೆಂದರೆ ಆ ಡೇಟಾ ನಮ್ಮ ಕಂಪನಿಯ ಹಾದಿಯಲ್ಲಿಯೇ ಹರಿಯುತ್ತದೆ. ಮಾನಸ ಸರೋವರಕ್ಕೆ ಹೊರಡುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ಅಂತರ್ಜಾಲದ ಮೂಲಕ ಮಾತನಾಡುವುದಕ್ಕೆ ಅಲ್ಲಿಯ ಸರಕಾರ ಒಪ್ಪಿದ ಆ್ಯಪುಗಳೇ ಬೇಕು. ಈ ತಡೆಯನ್ನು ಕಳ್ಳದಾರಿಯಿಂದ ದಾಟಹೋದರೆ ದಂಡಕ್ಕೆ ಗುರಿಯಾಗಬೇಕಾದೀತು.

ಇಷ್ಟೂ ಪ್ರಯಾಣಿಕನ ಕರ್ತವ್ಯವಾಯಿತು. ಆದರೆ ಹೊಣೆಯೆಲ್ಲವೂ ಅವನದೇ ಎಂದು ನಾವು ಒಪ್ಪಲಾರೆವು. ಕಂಪನಿಗಳ ದರಪಟ್ಟಿಯು ಅಂತರ್ಜಾಲದಲ್ಲಿ ಉಂಟೆಂಬುದು ನಿಜ. ಆದರೆ ಕನ್ನಡವನ್ನೇ ಓದಿಬಲ್ಲ ಗಿರಾಕಿಗೆ ಅದರ ಷರತ್ತುಗಳನ್ನು ಯಾರು ತಿಳಿಸಬೇಕು? ಗಿರಾಕಿಯ ರೂಪಾಯಿಗೆ ಭಾಷೆಯ ಭೇದವಿಲ್ಲದಿರುವಾಗ, ಅವನಿಗೆ ಕೊಡುವ ತಿಳಿವಳಿಕೆಗೆ ಆ ಭೇದವೇಕೆ? ನಮ್ಮ ನಾಲ್ಕು ಊರುಗಳಲ್ಲಿಯ ಕಂಪನಿ ಅಂಗಡಿಗಳು ದೇಶ, ದಿನ, ಡೇಟಾ, ಮೀರಿದರೆ ಬೀಳುವ ದರ ಈ ನಾಲ್ಕನ್ನೂ ಕನ್ನಡದಲ್ಲಿ ಅಚ್ಚುಹಾಕಿಸಿ ಗಿರಾಕಿಯ ಕೈಗೆ ಕೊಡಬೇಕು. ಹಜ್ ಯಾತ್ರಿಕರ ತರಬೇತಿಯಲ್ಲಿ ಒಂದು ಗಂಟೆಯನ್ನು ಈ ವಿಷಯಕ್ಕೆ ಮೀಸಲಿಡಬೇಕು. ಸಿಮ್ಮೂ ಸೇರಿದೆಯೆಂದು ಹೇಳುವ ಪ್ರವಾಸದ ಏಜೆಂಟರು ಎಷ್ಟು ಡೇಟಾ, ಎಷ್ಟು ದಿನ ಎಂಬುದನ್ನು ಬರವಣಿಗೆಯಲ್ಲಿಯೇ ಕೊಡಬೇಕು. ಜಿಲ್ಲೆಯ ಅಧಿಕಾರಿಗಳು ಮನಸ್ಸುಮಾಡಿದರೆ ಇದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ವೆಚ್ಚವೂ ಬೇಡ.

ಮನೆಯ ಓದಿದ ಮಕ್ಕಳಿಗೂ ಒಂದು ಮಾತು. ಅಜ್ಜಿಯನ್ನು ವಿಮಾನ ಹತ್ತಿಸುವ ದಿನ ಫೋಟೋ ತೆಗೆದರಷ್ಟೇ ಸಾಲದು. ಒಂದು ವಾರ ಮೊದಲು ಆಕೆಯ ಪಕ್ಕದಲ್ಲಿ ಕುಳಿತು, ಯಾವ ಗುಂಡಿಯನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕೆಂಬುದನ್ನು ಎರಡು ಸಲ ಆಕೆಯ ಕೈಯಿಂದಲೇ ಮಾಡಿಸಿರಿ. ಮುಖ್ಯವಾದ ಸಂಖ್ಯೆಗಳನ್ನು ಒಂದು ಕಾಗದದ ಮೇಲೆಯೂ ಬರೆದುಕೊಡಿರಿ. ಹೊಳೆ ದಾಟುವ ಮುಂಚೆಯೇ ಕಲದಾರವನ್ನು ಗಂಟಿನಲ್ಲಿ ಕಟ್ಟಿಕೊಟ್ಟ ಹಿರಿಯರ ಮಕ್ಕಳು ನಾವು. ಕಡಲು ದಾಟುವವರನ್ನು ಬರಿಗೈಯಲ್ಲಿ ಕಳಿಸುವುದು ನಮಗೆ ತಕ್ಕುದಲ್ಲ.