ಖಾಲಿಯಾದದ್ದು ಬೊಕ್ಕಸವೋ, ನಂಬಿಕೆಯೋ?

ತೆರಿಗೆ ಅಂದರೆ ಸಾಕು, ಜನ ಬೇಡ ಅಂತಾರೆ ಎಂಬುದು ರಾಜಕಾರಣಿಗಳ ಹಳೇ ಗೊಣಗು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಥೆ ಬೇರೆಯೇ ಹೇಳುತ್ತದೆ.

ಬೊಕ್ಕಸ ಬರಿದಾದಾಗ ಗವರ್ನರ್ ಶ್ವಾರ್ಜ್‌ನೆಗರ್ ಹಾಗೂ ಶಾಸಕರು 2009ರ ಮೇ 19ರಂದು ಆರು ಪ್ರಸ್ತಾಪಗಳನ್ನು ಜನಮತಕ್ಕಿಟ್ಟರು. ಮೊದಲನೆಯದರ ತಲೆಬರಹದಲ್ಲಿ ಖರ್ಚಿಗೆ ಕಡಿವಾಣ. ಹೊಟ್ಟೆಯೊಳಗೆ ತೆರಿಗೆ ಏರಿಕೆಯ ಅವಧಿ ವಿಸ್ತರಣೆ! ಐದು ಬಿದ್ದುಹೋದವು. ಪಾಸಾದದ್ದು ಒಂದೇ: ಕೊರತೆಯ ವರ್ಷ ಶಾಸಕರಿಗೆ ಸಂಬಳ ಏರಿಕೆ ಇಲ್ಲ.

ಏಟು ಬಿದ್ದದ್ದು ಮಾತ್ರ ಶಾಲೆ, ಆರೋಗ್ಯದ ಅನುದಾನಕ್ಕೆ. ಜುಲೈನಲ್ಲಿ ಸರ್ಕಾರ ಅನೇಕರಿಗೆ ದುಡ್ಡಿನ ಬದಲು ‘ಆಮೇಲೆ ಕೊಡುತ್ತೇವೆ’ ಎಂಬ ಚೀಟಿ ಕೊಟ್ಟಿತು.

ಅದೇ ರಾಜ್ಯದ ಮತದಾರರು 2012ರಲ್ಲಿ ತೆರಿಗೆ ಏರಿಕೆಗೆ ಒಪ್ಪಿದರು. ಆಗ ಗವರ್ನರ್ ಬ್ರೌನ್ ಕೇಳಿದ್ದು ನೇರ: ಶ್ರೀಮಂತರಿಗೆ ಹೆಚ್ಚು ಭಾರ, ಹಣ ಶಾಲೆಗೆ.

ಲೆಕ್ಕ ತೋರಿಸಿದರೆ ಜನ ಕೊಡ್ತಾರೆ. ಮುಚ್ಚಿಟ್ಟರೆ ಜೇಬಿಗೆ ಕೈ ಹಾಕೋಲ್ಲ.