ಕಲ್ಲು ತೆಗೆದರು, ಲೆಕ್ಕ ನೋಡಲಿಲ್ಲ

ನಮ್ಮ ಚಿಕ್ಕಪ್ಪನ ಮನೆಯ ಶೋಕೇಸಿನಲ್ಲಿ, ಮಗಳು ಗೆದ್ದ ಕಬಡ್ಡಿ ಕಪ್ಪಿನ ಪಕ್ಕದಲ್ಲಿ, ಹಳೇ ಫಿಲಂ ರೋಲಿನ ಕಪ್ಪು ಡಬ್ಬಿಯೊಂದಿದೆ. ಅಲುಗಿಸಿದರೆ ಒಳಗೆ ಮೂರು ಕಲ್ಲುಗಳ ಸದ್ದು. ಒಂದು ಸಾಸಿವೆಯಷ್ಟು, ಇನ್ನೆರಡು ತೊಗರಿಬೇಳೆಯಷ್ಟು. ಬೆಲ್ಲದ ಬಣ್ಣ, ಮೈಯೆಲ್ಲ ಮುಳ್ಳು. ಮನೆಗೆ ಬಂದವರ ಕಾಫಿ ಮುಗಿಯುವುದರೊಳಗೆ ಡಬ್ಬಿ ಕೈಗೆ ಬಂದಿರುತ್ತದೆ: 'ನೋಡೋ, ಇವೇ ನನ್ನನ್ನ ನೆಲದ ಮೇಲೆ ಉರುಳಾಡಿಸಿದ್ದು.' ಒಂಬತ್ತು ವರ್ಷದಲ್ಲಿ ಮೂರು ಸಲ ಆಸ್ಪತ್ರೆ, ಎರಡು ಸಲ ಸ್ಟೆಂಟ್. ಕಳೆದ ದೀಪಾವಳಿಗೆ ಹೋದಾಗ ಅವರ ಫೈಲನ್ನು ಹಾಳೆ ಹಾಳೆಯಾಗಿ ತಿರುವಿದೆ. ಸ್ಕ್ಯಾನ್ ಇತ್ತು, ಬಿಲ್ಲುಗಳಿದ್ದವು, ಡಿಸ್ಚಾರ್ಜ್ ಸಮರಿ ಇತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂಬ ಅಂಕಿ ಮಾತ್ರ ಎಲ್ಲೂ ಸಿಗಲಿಲ್ಲ. ಕಲ್ಲು ಯಾವುದರಿಂದ ಆಗಿದೆ ಎಂಬ ವರದಿಯೂ ಇಲ್ಲ. ಮೂರೂ ಕಲ್ಲು ಶೋಕೇಸಿಗೆ ಬಂದಿದ್ದವು. ಒಂದೂ ಲ್ಯಾಬಿಗೆ ಹೋಗಿರಲಿಲ್ಲ.

ಇದು ಚಿಕ್ಕಪ್ಪ ಒಬ್ಬರ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಕಿಡ್ನಿ ಸ್ಟೋನ್ ಅನ್ನು ನಾವು ಪಂಕ್ಚರ್ ಥರ ನೋಡುತ್ತಿದ್ದೇವೆ. ಆಯಿತು, ತೆಗೆಸಿದೆವು, ಗಾಡಿ ಹೊರಟಿತು. ಇದಕ್ಕೆ ತಂತ್ರಜ್ಞಾನದ ಗೆಲುವೂ ಒಂದು ಕಾರಣವೆಂದರೆ ವಿಚಿತ್ರವೆನಿಸಬಹುದು. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಕಲ್ಲನ್ನು ಮೈ ಕೊಯ್ಯದೆ, ಹೊರಗಿನಿಂದ ಆಘಾತ ತರಂಗ ಕಳಿಸಿ ಪುಡಿ ಮಾಡಿದರು. ಆಮೇಲೆ ಸಣ್ಣ ಕೊಳವೆ, ಲೇಸರ್ ಎಲ್ಲ ಬಂದವು. ಪಕ್ಕೆ ಸೀಳಿಸಿಕೊಂಡು ವಾರಗಟ್ಟಲೆ ಮಲಗಬೇಕಿದ್ದ ಕಾಲದಲ್ಲಿ 'ಇದು ಯಾಕೆ ಬಂತು, ಮತ್ತೆ ಬರುತ್ತದೆಯೇ' ಎಂದು ವೈದ್ಯರೂ ಕೇಳುತ್ತಿದ್ದರು, ರೋಗಿಯೂ ಕೇಳುತ್ತಿದ್ದ. ಮರುದಿನವೇ ಮನೆಗೆ ಹೋಗಬಹುದೆಂದ ಮೇಲೆ ಆ ಪ್ರಶ್ನೆಗೆ ಪುರುಸೊತ್ತು ಎಲ್ಲಿ? ವಿಮೆಯ ಏರ್ಪಾಟೂ ಹಾಗೆಯೇ ಇದೆ. ಒಳರೋಗಿಯಾಗಿ ಕಲ್ಲು ತೆಗೆಸಿಕೊಂಡರೆ ಪ್ಯಾಕೇಜ್ ದರವುಂಟು. ಆರು ವಾರ ಬಿಟ್ಟು ಹೊರರೋಗಿಯಾಗಿ ಬಂದು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರೆ ಅದು ಕೈಯಿಂದಲೇ.

ರಕ್ತದ ಕ್ಯಾಲ್ಸಿಯಂನ ಆ ಅಂಕಿಗೆ ಯಾಕಿಷ್ಟು ಬೆಲೆ? ನಮ್ಮ ಮೈಯಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆಯೆಂಬ ಖಜಾನೆಯಲ್ಲಿ ಭದ್ರ. ರಕ್ತದಲ್ಲಿ ಓಡಾಡುವುದು ಚಿಲ್ಲರೆ ಹಣ. ಆದರೆ ಹೃದಯ ಬಡಿಯುವುದು, ಸ್ನಾಯು ಸೆಟೆಯುವುದು, ನರ ಮಿಡಿಯುವುದು ಎಲ್ಲ ಈ ಚಿಲ್ಲರೆಯ ಮೇಲೇ. ಹಾಗಾಗಿ ಅದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ನಡುವೆಯೇ ಇರಬೇಕು. ಆ ಲೆಕ್ಕ ಇಡುವ ಶಾನುಭೋಗರು ನಾಲ್ವರು. ಕತ್ತಿನಲ್ಲಿ ಥೈರಾಯ್ಡ್ ಹಿಂದೆ ಅಂಟಿಕೊಂಡಿರುವ, ಅಕ್ಕಿಕಾಳಿನಷ್ಟು ದೊಡ್ಡ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಕ್ಯಾಲ್ಸಿಯಂ ಇಳಿಯಿತೆಂದರೆ ಹಾರ್ಮೋನ್ ಬಿಟ್ಟು ಮೂಳೆಯಿಂದ ತೆಗೆಸುತ್ತವೆ, ವಿಟಮಿನ್ ಡಿ ಮೂಲಕ ಕರುಳಿನಿಂದ ಹೆಚ್ಚು ಹೀರಿಸುತ್ತವೆ, ಮೂತ್ರದಲ್ಲಿ ಹೋಗದಂತೆ ತಡೆಯುತ್ತವೆ. ಏರಿತೆಂದರೆ ಸುಮ್ಮನಾಗುತ್ತವೆ. ಏರಿಳಿತವನ್ನು ಗುರುತಿಸುವ ಗ್ರಾಹಕ ಯಾವುದೆಂದು ಗೊತ್ತಾದದ್ದು 1993ರಷ್ಟು ಈಚೆಗೆ.

ಮನುಷ್ಯರಲ್ಲಿ ಈ ಗ್ರಂಥಿಗಳನ್ನು ಗುರುತಿಸಿ 1880ರಲ್ಲಿ ಪ್ರಕಟಿಸಿದವನು ಸ್ವೀಡನ್ನಿನ ಉಪ್ಸಾಲದಲ್ಲಿ ವೈದ್ಯಕೀಯ ಓದುತ್ತಿದ್ದ ಇವಾರ್ ಸಾಂಡ್‌ಸ್ಟ್ರೋಮ್. ಅದಕ್ಕೂ ಮೊದಲೇ ಇವನ್ನು ಕಂಡವರು ಇಂಗ್ಲೆಂಡಿನ ಅಂಗರಚನಾತಜ್ಞ ರಿಚರ್ಡ್ ಓವನ್. ಕಂಡದ್ದು ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರ ಕತ್ತಿನಲ್ಲಿ. ಅಷ್ಟು ದೊಡ್ಡ ಪ್ರಾಣಿಯಾದ್ದರಿಂದಲೇ ಕಣ್ಣಿಗೆ ಬಿದ್ದಿರಬೇಕು.

ನಾಲ್ವರಲ್ಲಿ ಒಬ್ಬ ಶಾನುಭೋಗ ಹದಗೆಟ್ಟರೆ? ಒಂದು ಗ್ರಂಥಿಯಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ ಬೆಳೆದು, ಯಾರ ಮಾತೂ ಕೇಳದೆ ಹಾರ್ಮೋನ್ ಸುರಿಯತೊಡಗುತ್ತದೆ. ಖಜಾನೆ ಬರಿದಾಗುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಮೂತ್ರಪಿಂಡ ಎಷ್ಟು ತಡೆದರೂ ಸೋಸಲು ಬರುವುದೇ ಹೆಚ್ಚಾದ್ದರಿಂದ ಮೂತ್ರಕ್ಕೂ ಸೋರುತ್ತದೆ. ಅಲ್ಲಿ ಆಕ್ಸಲೇಟ್ ಅಥವಾ ಫಾಸ್ಫೇಟ್ ಜತೆ ಸೇರಿ ಹರಳು ಕಟ್ಟಿ ಕಲ್ಲಾಗುತ್ತದೆ.

ಈ ರೋಗದ ಚರಿತ್ರೆಯಲ್ಲಿ ನನ್ನನ್ನು ಬಿಡದೆ ಕಾಡುವವನು ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್. ಆರಡಿ ಮೀರಿದ್ದ ಆಳು, ಮೂಳೆ ಕುಸಿದು ಕುಸಿದು ಏಳು ಇಂಚು ಗಿಡ್ಡವಾದ. ಒಂದರ ಮೇಲೊಂದು ಮೂಳೆ ಮುರಿತ, ಜತೆಗೆ ಮೂತ್ರಪಿಂಡದಲ್ಲಿ ಕಲ್ಲು. ವಿಯೆನ್ನಾದಲ್ಲಿ ಫೆಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರವೈದ್ಯ 1925ರಲ್ಲಿ ಟ್ರಾಮ್ ಕಂಡಕ್ಟರ್ ಒಬ್ಬನ ಪ್ಯಾರಾಥೈರಾಯ್ಡ್ ಗಡ್ಡೆ ತೆಗೆದು, ಅವನ ಮೂಳೆ ಗಟ್ಟಿಯಾದದ್ದನ್ನು ತೋರಿಸಿದ್ದ. ಮರುವರ್ಷವೇ ಮಾರ್ಟೆಲ್‌ನ ಕತ್ತಿನಲ್ಲೂ ಹುಡುಕಾಟ ಶುರುವಾಯಿತು. ಒಂದಲ್ಲ, ಎರಡಲ್ಲ, ಆರು ಶಸ್ತ್ರಚಿಕಿತ್ಸೆಯಾದರೂ ಗಡ್ಡೆ ಸಿಗಲಿಲ್ಲ. ಕ್ಯಾಪ್ಟನ್ ತಾನೇ ಗ್ರಂಥಾಲಯದಲ್ಲಿ ಕೂತು ಅಂಗರಚನೆಯ ಪುಸ್ತಕ ಓದಿ, ಎದೆಗೂಡಿನೊಳಗೆ ನೋಡಿ ಎಂದು ಒತ್ತಾಯಿಸಿದನಂತೆ. 1932ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಏಳನೆಯ ಸಲ ಕೊಯ್ದಾಗ ಗಡ್ಡೆ ಅಲ್ಲೇ ಸಿಕ್ಕಿತು. ಆದರೆ ಆರು ವಾರದ ಬಳಿಕ, ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಮಾಡಿದ ಶಸ್ತ್ರಚಿಕಿತ್ಸೆಯ ನಂತರ, ಅವನು ತೀರಿಕೊಂಡ. ಕಾರಣ ಕೈಗೆ ಸಿಗುವ ಹೊತ್ತಿಗೆ ಕಲ್ಲು ತನ್ನ ಕೆಲಸ ಮುಗಿಸಿತ್ತು. ಅದೇ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್ ಇಂಥ ರೋಗಿಗಳನ್ನು ಹಿಂಬಾಲಿಸಿ, ಇದನ್ನು ಮೂಳೆಯ ರೋಗವೆಂದಷ್ಟೇ ನೋಡಿದರೆ ತಪ್ಪಿಹೋಗುತ್ತದೆ, ಕಲ್ಲಿನವರಲ್ಲೂ ಹುಡುಕಬೇಕು ಎಂದು ತೋರಿಸಿಕೊಟ್ಟರು.

ಆ ಪಾಠಕ್ಕೆ ತೊಂಬತ್ತು ವರ್ಷ. ಈಗ ಏಳು ಸಲ ಕೊಯ್ಯಬೇಕಾಗಿಲ್ಲ. ಒಂದು ಸಿರಿಂಜ್ ರಕ್ತ ಸಾಕು. 1970ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದ ರಾಚೆಸ್ಟರ್‌ನಲ್ಲಿ ಮಾಮೂಲಿ ರಕ್ತಪರೀಕ್ಷೆಗೆ ಕ್ಯಾಲ್ಸಿಯಂ ಸೇರಿಸಿದ ಕೂಡಲೇ ಈ ರೋಗದ ಪತ್ತೆ ಹಲವು ಪಟ್ಟು ಏರಿತು. ರೋಗ ಹೊಸದಾಗಿ ಬಂದದ್ದಲ್ಲ, ಅಳೆದದ್ದು ಹೊಸದು. ಅಂದಿನಿಂದ ಅಲ್ಲಿ ಬಹುಪಾಲು ರೋಗಿಗಳು ಯಾವ ನೋವೂ ಇಲ್ಲದಾಗಲೇ ಸಿಗುತ್ತಾರೆ, ಹೆಚ್ಚಿನವರು ಐವತ್ತು ದಾಟಿದವರು. ಭಾರತದ ರೋಗಿಗಳ ನೋಂದಣಿ ತೋರಿಸುವ ಚಿತ್ರವೇ ಬೇರೆ. ಸರಾಸರಿ ವಯಸ್ಸು ನಲವತ್ತರ ಆಸುಪಾಸು. ಬರುವ ಹೊತ್ತಿಗೆ ಮೂಳೆ ನೋವು, ಮುರಿತ, ಕಲ್ಲು, ನಿಶ್ಶಕ್ತಿ. ಆಲ್‌ಬ್ರೈಟ್ ಕಂಡಿದ್ದ ರೂಪದಲ್ಲೇ ನಮ್ಮಲ್ಲಿ ರೋಗ ಇನ್ನೂ ಓಡಾಡುತ್ತಿದೆ.

ನಾವು ಬಡವರು, ನಮ್ಮಲ್ಲಿ ಪರೀಕ್ಷೆ ಇಲ್ಲ, ಅದಕ್ಕೇ ಹೀಗೆ ಎನ್ನಬಹುದು. ಅರ್ಧ ಸತ್ಯ. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳ ದಾಖಲೆಗಳ ಮೇಲೆ 2020ರಲ್ಲಿ ಅಧ್ಯಯನವೊಂದು ಬಂತು. ಕಿಡ್ನಿ ಸ್ಟೋನ್ ಇದ್ದು ರಕ್ತದ ಕ್ಯಾಲ್ಸಿಯಂ ಕೂಡ ಹೆಚ್ಚಿದ್ದವರು ಏಳು ಸಾವಿರಕ್ಕೂ ಮಿಕ್ಕಿ. ಅವರಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆಯಾದದ್ದು ನಾಲ್ವರಲ್ಲಿ ಒಬ್ಬರಿಗೆ ಮಾತ್ರ. ಅಂಕಿ ಕಂಪ್ಯೂಟರಿನಲ್ಲಿ ಕೂತಿತ್ತು, ನೋಡಬೇಕಾದವರು ನೋಡಲಿಲ್ಲ. ಕಲ್ಲು ಯುರಾಲಜಿಸ್ಟರದ್ದು, ಹಾರ್ಮೋನ್ ಎಂಡೋಕ್ರೈನಾಲಜಿಸ್ಟರದ್ದು, ಎರಡರ ನಡುವಿನ ಬೇಲಿ ಯಾರದ್ದೂ ಅಲ್ಲ.

ಎಲ್ಲ ಕಲ್ಲಿಗೂ ಪ್ಯಾರಾಥೈರಾಯ್ಡ್ ಕಾರಣವೇ? ಖಂಡಿತ ಅಲ್ಲ. ಕಲ್ಲಿನವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ, ಅಷ್ಟೇ. ಮೂರು ಮಂದಿಗಾಗಿ ನೂರು ಜನರ ರಕ್ತ ತೆಗೆಯಬೇಕೇ ಎಂದು ಕೇಳುವವರಿದ್ದಾರೆ. ತೆಗೆಯಬೇಕು. ಉಳಿದವರಿಗೆ ನಮ್ಮ ಬಳಿ ಇರುವ ಔಷಧ ಎಷ್ಟು ಸಪ್ಪೆ ಎಂಬುದು ಈಗ ಗೊತ್ತಾಗಿದೆ. ಮೂತ್ರದ ಕ್ಯಾಲ್ಸಿಯಂ ಇಳಿಸಲು ದಶಕಗಳಿಂದ ಬರೆದುಕೊಡುತ್ತಿದ್ದ ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆಯನ್ನು ಸ್ವಿಟ್ಜರ್ಲೆಂಡಿನಲ್ಲಿ 416 ಜನರ ಮೇಲೆ ಪರೀಕ್ಷಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲ್ಲು ಮರುಕಳಿಸುವುದರಲ್ಲಿ ಮಾತ್ರೆಗೂ ಹುಸಿಮಾತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಪ್ರಯೋಗದ ವಿಧಾನದ ಬಗ್ಗೆ ತಕರಾರುಗಳಿವೆ, ಇರಲಿ. ಪ್ಯಾರಾಥೈರಾಯ್ಡ್ ಗಡ್ಡೆಯದು ಹಾಗಲ್ಲ, ಒಂದು ಶಸ್ತ್ರಚಿಕಿತ್ಸೆಗೆ ಹೆಚ್ಚಿನವರು ಗುಣವಾಗುತ್ತಾರೆ. ನೂರರಲ್ಲಿ ಗುಣಪಡಿಸಬಹುದಾದ ಆ ಮೂವರನ್ನೇ ಬಿಟ್ಟುಬಿಡುವುದು ಯಾವ ಉಳಿತಾಯ?

ಮಿಕ್ಕ ತೊಂಬತ್ತೈದು ಮಂದಿಯ ತಟ್ಟೆಗೆ ಬರೋಣ. ನಮ್ಮ ಕಡೆ ಕಲ್ಲಿನ ಭಯದ ಪೆಟ್ಟು ಬಿದ್ದಿರುವುದು ರಾಗಿಗೆ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ರಾಗಿಯಲ್ಲಿ ನೂರು ಗ್ರಾಮಿಗೆ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಮುದ್ದೆ ಬಿಡಿ, ಹಾಲು ಬಿಡಿ. ತರ್ಕ ಎಷ್ಟು ಚೊಕ್ಕ! ತಪ್ಪೂ ಅಷ್ಟೇ ಚೊಕ್ಕ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ದಾರಿಯಲ್ಲಿ ಹೊರಗೆ ಸಾಗಿಸುತ್ತದೆ. ಕ್ಯಾಲ್ಸಿಯಂ ನಿಲ್ಲಿಸಿದರೆ ಹಿಡಿಯುವವರಿಲ್ಲದೆ ಆಕ್ಸಲೇಟ್ ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಬರುತ್ತದೆ. ಇಟಲಿಯ ಪಾರ್ಮಾದಲ್ಲಿ ಬೋರ್ಗಿ ಮತ್ತು ಸಂಗಡಿಗರು, ಕಲ್ಲು ಮರುಕಳಿಸುತ್ತಿದ್ದ 120 ಗಂಡಸರನ್ನು ಐದು ವರ್ಷ ಗಮನಿಸಿದರು. ಕ್ಯಾಲ್ಸಿಯಂ ಕಡಿಮೆ ತಿಂದ 60 ಮಂದಿಯಲ್ಲಿ 23 ಜನರಿಗೆ ಕಲ್ಲು ಮರಳಿತು. ಕ್ಯಾಲ್ಸಿಯಂ ಮಾಮೂಲಿನಂತೆ ತಿಂದು ಉಪ್ಪು ಮತ್ತು ಮಾಂಸ ಇಳಿಸಿದ 60 ಮಂದಿಯಲ್ಲಿ 12 ಜನರಿಗೆ. ಇದು ಪ್ರಕಟವಾದದ್ದು 2002ರಲ್ಲಿ. ಗಡ್ಡೆ ಇರುವವರಿಗೂ ಊಟದ ಕ್ಯಾಲ್ಸಿಯಂ ಕತ್ತರಿಸಿ ಎಂದು ಈಗ ಹೇಳುವುದಿಲ್ಲ. ರಾಗಿಯಲ್ಲೂ ಆಕ್ಸಲೇಟ್ ಇದೆ ನಿಜ, ಅದಕ್ಕೇ ಮುದ್ದೆಯ ಜತೆ ಮಜ್ಜಿಗೆಯೂ ಇರಲಿ. ಉಪ್ಪಿನಕಾಯಿಯ ಕಡೆ ಯಾರೂ ಬೆರಳು ತೋರಿಸುವುದಿಲ್ಲ, ಆದರೆ ಮೂತ್ರಕ್ಕೆ ಕ್ಯಾಲ್ಸಿಯಂ ಎಳೆದುಕೊಂಡು ಹೋಗುವುದರಲ್ಲಿ ಉಪ್ಪಿನದೇ ದೊಡ್ಡ ಕೈ. ಬಾಳೆದಿಂಡು, ಹುರುಳಿಕಟ್ಟಿನ ಬಗ್ಗೆ ನನಗೆ ಜಗಳವಿಲ್ಲ. ಜತೆಗೆ ದಿನಕ್ಕೆ ಎರಡು ಲೀಟರ್ ಮೂತ್ರ ಬರುವಷ್ಟು ನೀರು ಕುಡಿದರೆ ಸರಿ.

ಮಾತ್ರೆಯ ಕ್ಯಾಲ್ಸಿಯಂ ಬೇರೆ ಸಂಗತಿ. ಅಮೆರಿಕದಲ್ಲಿ 36,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ನುಂಗಿದವರಲ್ಲಿ ಕಲ್ಲು ಶೇ 17ರಷ್ಟು ಹೆಚ್ಚಿತ್ತು. ನಮ್ಮಲ್ಲಿ 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಷೆಯನ್ನು ಎಂಟು ವಾರಕ್ಕೆಂದು ಬರೆದುಕೊಟ್ಟರೆ, ಮಂಡಿನೋವು ಕಡಿಮೆಯಾಯಿತೆಂದು ಎರಡು ವರ್ಷ ಕುಡಿಯುವವರಿದ್ದಾರೆ. ಅತ್ತಿಗೆಗೆ ಬರೆದದ್ದನ್ನು ನಾದಿನಿಯೂ ಕುಡಿಯುತ್ತಾಳೆ. ಅವರ ಕ್ಯಾಲ್ಸಿಯಂ ಏರಿದರೆ ಅದಕ್ಕೆ ಯಾವ ಗಡ್ಡೆಯೂ ಬೇಕಿಲ್ಲ. ಇನ್ನೊಂದು ತೊಡಕೂ ಇದೆ. ವಿಟಮಿನ್ ಡಿ ತೀರಾ ಕೊರತೆಯಾದವರಲ್ಲಿ ಗಡ್ಡೆ ಇದ್ದರೂ ಕ್ಯಾಲ್ಸಿಯಂ ಸರಿಯಿರುವಂತೆ ಕಾಣಬಹುದು. ಅನುಮಾನ ಬಂದರೆ ಕ್ಯಾಲ್ಸಿಯಂ, ಅಲ್ಬುಮಿನ್, ಹಾರ್ಮೋನ್, ವಿಟಮಿನ್ ಡಿ ಎಲ್ಲವನ್ನೂ ಒಟ್ಟಿಗೆ ನೋಡಬೇಕೆನ್ನುವುದು ಇದಕ್ಕೇ.

ಕಲ್ಲು ತೆಗೆಯುವ ಪ್ಯಾಕೇಜಿನೊಳಗೇ ರಕ್ತದ ಕ್ಯಾಲ್ಸಿಯಂ ಮತ್ತು ಕಲ್ಲಿನ ವಿಶ್ಲೇಷಣೆ ಸೇರಬೇಕು, ಆ ಎರಡು ಸಾಲು ತುಂಬದೆ ಆಸ್ಪತ್ರೆಗೆ ಹಣ ಬಿಡುಗಡೆಯಾಗಬಾರದು. ಸರ್ಕಾರ ಮನಸ್ಸು ಮಾಡಿದರೆ ಒಂದು ಸುತ್ತೋಲೆಯ ಕೆಲಸ. ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ.

ಚಿಕ್ಕಪ್ಪನ ರಕ್ತ ಕೊಡಿಸಿದೆವು. ಕ್ಯಾಲ್ಸಿಯಂ 9.4. ಶಾನುಭೋಗರು ನಾಲ್ವರೂ ಪ್ರಾಮಾಣಿಕರು. ಡಬ್ಬಿಯಿಂದ ಒಂದು ಕಲ್ಲು ಲ್ಯಾಬಿಗೆ ಹೋಯಿತು, ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ವೈದ್ಯರು ನೀರು ಎಷ್ಟು ಕುಡಿಯುತ್ತೀರಿ ಎಂದು ಕೇಳಿದರು, ಉಪ್ಪಿನಕಾಯಿಯ ಬಗ್ಗೆ ಕೇಳಿದರು, ರಾಗಿ ತಿನ್ನಬಹುದು ಎಂದರು. ಆ ರಾತ್ರಿ ಚಿಕ್ಕಮ್ಮ ಅಟ್ಟದ ಮೇಲಿನಿಂದ ಮುದ್ದೆ ಕೋಲು ಇಳಿಸಿ ತೊಳೆದರು. ಒಂಬತ್ತು ವರ್ಷದ ಧೂಳಿತ್ತು.