ಮೊದಲು ಬ್ರೇಕು, ಆಮೇಲೆ ಸ್ಪೀಡು!

ಚಿತ್ರಪ್ರಿಯ ಮಿತ್ರರೇ, ತೆರೆಯ ಮೇಲೆ ಹೀರೋ ಕಾರು ಹಾರಿಸಿದರೆ ನೀವು ಸಿಳ್ಳೆ ಹೊಡೀತೀರಿ. ನಾನೂ ಹೊಡೀತೀನಿ! ಆದರೆ ನಿಜವಾದ ರೇಸಿಗೆ ಕಾರು ಸಜ್ಜು ಮಾಡೋ ಕಥೆಯೇ ಬೇರೆ.

ನನ್ನ ಹಳೇ ಮಾರುತಿ 800 ಈಗ ಕ್ಲಬ್ ರೇಸಿಗೆ ತಯಾರಾಗ್ತಿದೆ. ಗುರಿ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕು. 1990ರಲ್ಲಿ ಶುರುವಾದ ಈ ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿಲೋಮೀಟರ್. ನನ್ನ ಇಂಜಿನ್ನೋ ಬರೀ 796 ಸಿ.ಸಿ., ಮೂರೇ ಸಿಲಿಂಡರು!

"ಅಣ್ಣಾ, ಮೊದ್ಲು ಇಂಜಿನ್‌ಗೆ ಪವರ್ ಹಾಕ್ಸಣ್ಣಾ" ಅಂತಾನೆ ಗ್ಯಾರೇಜಿನ ಹುಡುಗ. ಇರೋ ದುಡ್ಡು ಒಂದಕ್ಕೇ ಸಾಕು. ಪವರ್‌ಗೋ, ಪ್ರಾಣಕ್ಕೋ? ಪ್ರಾಣಕ್ಕೇ ಹಾಕಿದೆ.

ಹಿಂದಿನ ಸೀಟು, ಕಾರ್ಪೆಟ್ಟು ಕಿತ್ತು ಭಾರ ಇಳಿಸಿದ್ದಾಯ್ತು. ಇದು ಪುಕ್ಕಟೆ ಸ್ಪೀಡು! ಕಾರು ಮಗುಚಿದರೆ ತಲೆ ಕಾಯೋ ಉಕ್ಕಿನ ರೋಲ್ ಕೇಜ್, ರೇಸಿಂಗ್ ಸೀಟು, ಭುಜ-ಸೊಂಟ ಬಿಗಿಯೋ ಬೆಲ್ಟು, ಬೆಂಕಿ ಆರಿಸೋ ಸಿಲಿಂಡರು, ಕರೆಂಟು ಕಡಿಯೋ ಸ್ವಿಚ್ಚು ಬಂದವು. ಹಳೇ ಬ್ರೇಕ್ ಆಯಿಲ್ ಚೆಲ್ಲಿ ಹೊಸದು ತುಂಬಿಸಿದೆ. ಹಳೇದು ಗಾಳಿಯ ತೇವ ಹೀರಿಕೊಂಡಿರುತ್ತೆ. ರೇಸಿನ ಕಾವಿಗೆ ಕುದಿದರೆ ಪೆಡಲು ಮೆತ್ತಗೆ ನೆಲ ಮುಟ್ಟುತ್ತೆ. ತಿರುವಿನಲ್ಲಿ 'ಕಟ್' ಅನ್ನೋಕೆ ಡೈರೆಕ್ಟರ್ ಇರೋಲ್ಲ ಸ್ವಾಮೀ!

ನಿಮಗೂ ಆಸೆಯೇ? ದುಡ್ಡು ಸುರಿಯೋ ಮುಂಚೆ ಕ್ಲಬ್ಬಿನ ನಿಯಮ ಓದಿ, ನಿಮ್ಮ ಕಾರು ಯಾವ ಕ್ಲಾಸಿಗೆ ಸೇರುತ್ತೆ ಕೇಳಿ. ಮಧ್ಯರಾತ್ರಿ ರಿಂಗ್ ರೋಡಿನ ರೇಸು ಮಾತ್ರ ಬೇಡ ತಮ್ಮಂದಿರಾ. ಅಲ್ಲಿ ಎದುರಿಗೆ ಬರೋನು ಸ್ಟಂಟ್ ಮಾಸ್ಟರ್ ಅಲ್ಲ, ಯಾರದೋ ಅಪ್ಪ. ಟ್ರ್ಯಾಕಿಗೇ ಹೋಗಿ. ಕೊನೆಯವರಾಗಿ ಬಂದರೂ ಚಿಂತೆಯಿಲ್ಲ, ನಡೆದುಕೊಂಡು ಮನೆ ಸೇರಿದರೆ ಗೆದ್ದ ಹಾಗೇ!